ಪ್ರೇಕ್ಷಕರು ಒಬ್ಬರು, ಅತ್ಯುತ್ತಮ

ನವನಗರ, ಬಾಗಲಕೋಟೆ
ಸೋಮವಾರ, 8 ಡಿಸೆಂಬರ್ 2025

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಆನಂದನ ನಮಸ್ಕಾರ. ಹೇಗಿದ್ದೀ? ಈ ಚಳಿಗೆ ಎಡಗಾಲಿನ ಮೊಣಕಾಲು ಮತ್ತೆ ಹಿಡಿದುಕೊಂಡಿತೋ? ನಾನು ಕೊಟ್ಟ ಎಣ್ಣೆಯನ್ನು ಕಾಲಿಗೇ ಹಚ್ಚುತ್ತಿದ್ದೀಯೋ, ಈ ಸಲವೂ ಟಗರಿನ ಕೋಡಿಗೆ ಹಚ್ಚಿ ಮುಗಿಸಿದೆಯೋ? ಹುಚ್ಚವ್ವ ವೈನಿಯ ಕೆಮ್ಮು ಇಳಿಯಿತೇ? ಕುರಿಗಳು ಸುಖವೇ? ಆ ಕರಿ ಟಗರು ಈಗಲೂ ಎದುರಿಗೆ ಬಂದವರನ್ನೆಲ್ಲ ವಿರೋಧ ಪಕ್ಷದವರೆಂದೇ ತಿಳಿದು ತಲೆ ತಗ್ಗಿಸಿ ಓಡಿ ಬರುತ್ತದೆಯೇ? ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಮಗಳು ವಿದ್ಯಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಶಾಲೆಗೆ ಹೋಗುತ್ತಾಳೆ, ನನ್ನ ಹೆಂಡತಿಯ ಜೊತೆ ಸೇರಿ ನನ್ನನ್ನು ನೋಡಿ ನಗುತ್ತಾಳೆ. ಅವಳ ಉಳಿದ ಸುದ್ದಿಯನ್ನು ಕೊನೆಗೆ ಬರೆಯುತ್ತೇನೆ.

ಇಪ್ಪತ್ತೆರಡು ದಿನಗಳಿಂದ ನಿನ್ನ ಮೊಬೈಲಿಗೆ ಕರೆ ಮಾಡುತ್ತಿದ್ದೇನೆ. ಪ್ರತಿ ಸಲ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ನೀನು ಸ್ವಿಚ್ ಆಫ್ ಆಗಿರುವಿ ಎಂದು ತಿಳಿಸುತ್ತಾಳೆ. ನನ್ನ ಹೆಂಡತಿಗೂ ಈಗ ಆಕೆಯ ಗುರುತಾಗಿದೆ. ನಾನು ಫೋನು ಕೆಳಗಿಟ್ಟ ಕೂಡಲೇ "ಇವತ್ತೇನಂದ್ಲು ಅಕಿ?" ಎಂದು ಕೇಳುತ್ತಾಳೆ. ಆದ್ದರಿಂದ ಈ ಕಾಗದ. ಕುಳಗೇರಿ ಕ್ರಾಸಿನ ಸುತ್ತಮುತ್ತ ಯಾರದೋ ಹೊಲದಲ್ಲಿ ನಿಮ್ಮ ಹಿಂಡು ಇಳಿದಿದೆಯಂತೆ, ಬೆಳಿಗ್ಗೆ ನೀನು ಅಹ್ಮದಸಾಬರ ಅಂಗಡಿಗೆ ಚಹಾಕ್ಕೆ ಬರುತ್ತೀಯಂತೆ ಎಂದು ತಿಳಿಯಿತು. ಹುಬ್ಬಳ್ಳಿ ಬಸ್ಸಿನ ಕಂಡಕ್ಟರು ಈ ಲಕೋಟೆಯನ್ನು ಅವರ ಕೈಗೆ ಮುಟ್ಟಿಸುತ್ತಾನೆ. ನಿನಗೆ ಅಕ್ಷರ ಬಾರದು, ಅಹ್ಮದಸಾಬರಿಗೆ ಮೆಲ್ಲಗೆ ಓದಲು ಬಾರದು. ಅವರು ಓದತೊಡಗಿದರೆ ರಸ್ತೆಯಾಚೆ ಬಸ್ಸಿಗೆ ನಿಂತವರೂ ಕಿವಿ ಕೊಡುತ್ತಾರೆ. ಇದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಹ್ಮದಸಾಬರೇ, ನಿಮಗೂ ನಮಸ್ಕಾರ. ಆನಂದ ಮಾಸ್ತರನ ಮಾನ ಹೋದೀತೆಂದು ಯಾವ ಸಾಲನ್ನೂ ನುಂಗಬೇಡಿ. ಹೋಗಬೇಕಾದದ್ದು ಹೋಗಲಿ.

ಅಲ್ಲಿ ಬೆಂಚಿನ ಮೇಲೆ ಕುಳಿತಿರುವ ಹಿರಿಯರಿಗೆ ಮೊದಲು ವಿಷಯ ತಿಳಿಯಬೇಕಲ್ಲ, ಹೇಳುತ್ತೇನೆ. ನಾನು ನವನಗರದ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ. ಮೂರು ವರ್ಷಗಳಿಂದ ಹದಿನಾರು ಹುಡುಗಿಯರ ಒಂದು ಚಿಯರ್‌ಲೀಡಿಂಗ್ ತಂಡ ಕಟ್ಟಿಕೊಂಡಿದ್ದೇನೆ. ಹೆಸರು ಘಟಪ್ರಭಾ ಆಲ್‌ಸ್ಟಾರ್ಸ್. ಟೀವಿಯಲ್ಲಿ ಕ್ರಿಕೆಟ್ಟಿನ ನಡುವೆ ಬೌಂಡರಿಗೊಮ್ಮೆ ಗೊಂಡೆ ಅಲ್ಲಾಡಿಸುವ ಹುಡುಗಿಯರು ಬರುತ್ತಾರಲ್ಲ, ಅದಲ್ಲ ಇದು. ಇಲ್ಲಿ ಬೇರೆ ಯಾವ ಆಟವೂ ಇಲ್ಲ, ಇದೇ ಆಟ. ಎರಡೂವರೆ ನಿಮಿಷದಲ್ಲಿ ಹುಡುಗಿಯರು ಜಿಗಿಯಬೇಕು, ಲಾಗ ಹಾಕಬೇಕು, ಮೂವರು ಸೇರಿ ಒಬ್ಬಳ ಪಾದ ಹಿಡಿದು ತಲೆಯ ಮೇಲೆ ಎತ್ತಿ ನಿಲ್ಲಿಸಬೇಕು, ಮೇಲೆ ಹಾರಿಸಿ ಮತ್ತೆ ಹಿಡಿಯಬೇಕು. ಬೀರಪ್ಪನ ಗುಡಿಯ ಮುಂದೆ ಡೊಳ್ಳಿನವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಬಾರಿಸುವುದನ್ನು ನೋಡಿದವರಿಗೆ ಇದರಲ್ಲಿ ತಿಳಿಯದ್ದು ಏನೂ ಇಲ್ಲ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವವಳು ವಿದ್ಯಾ. ಕೆಳಗೆ ಅವಳ ಪಾದ ಹಿಡಿಯುವವಳು ಖುಶನುಮಾ. ಆ ಹುಡುಗಿಯ ತೋಳು ನೋಡಿದರೆ ನಮ್ಮ ಕರಿ ಟಗರೂ ಎರಡು ಹೆಜ್ಜೆ ಹಿಂದೆ ಸರಿದೀತು. ಅವಳ ತಾಯಿ ಮಾಬುಬಿ ಇಡೀ ತಂಡಕ್ಕೆ ಉದ್ದ ತೋಳಿನ ಅಂಗಿ, ಪಾದ ಮುಟ್ಟುವ ಪ್ಯಾಂಟು ಹೊಲಿದು, ಎದೆಯ ಮೇಲೆ ಇಳಕಲ್ ಸೀರೆಯ ತೋಪುತೆನಿ ಸೆರಗಿನ ತುಂಡು ಕೂಡಿಸಿದ್ದಾಳೆ. ಹದಿನಾರೂ ಜನ ಸಾಲಾಗಿ ನಿಂತರೆ ಒಂದೇ ಸೀರೆ ಒಣಹಾಕಿದಂತೆ ಕಾಣುತ್ತದೆ.

ಈ ಆಟದಲ್ಲಿ ಹುಡುಗಿಯರು ಎಷ್ಟು ಎತ್ತರ ಏರಿದರು ಎಂಬುದಕ್ಕೆ ಅಂಕ ಇರುವಂತೆ, ಕುಳಿತ ಜನರನ್ನು ಎಷ್ಟು ಒದರಿಸಿದರು ಎಂಬುದಕ್ಕೂ ಅಂಕ ಇದೆ. ನಾವು ಸೋಲುವುದು ಅಲ್ಲಿ. ನಮ್ಮ ಜಿಲ್ಲೆಯ ಜನಕ್ಕೆ ಒದರಲು ಬಾರದೆಂದಲ್ಲ. ಕುಸ್ತಿಗೆ ಒದರುತ್ತಾರೆ, ಎತ್ತಿನ ಗಾಡಿಯ ಓಟಕ್ಕೆ ಒದರುತ್ತಾರೆ, ಬಸ್ಸಿನಲ್ಲಿ ಕಿಟಕಿ ಮುಚ್ಚು ಎನ್ನಲೂ ಒದರುತ್ತಾರೆ. ಆದರೆ ಹೆಣ್ಣುಮಕ್ಕಳು ಅಂಗಳಕ್ಕೆ ಇಳಿದರೋ, ಮರ್ಯಾದಸ್ಥರಾಗಿಬಿಡುತ್ತಾರೆ. ಹೋದ ತಿಂಗಳು ಹುನಗುಂದದ ಕಲ್ಯಾಣ ಮಂಟಪದಲ್ಲಿ ಸ್ಪರ್ಧೆ ನಡೆಯಿತಲ್ಲ, ಅಲ್ಲಿ ಅರವತ್ತು ಜನ ಗಂಡಸರು ಪ್ರವಚನಕ್ಕೆ ಕುಳಿತಂತೆ ಕೈಕಟ್ಟಿ ಕುಳಿತಿದ್ದರು. ವಿದ್ಯಾಳನ್ನು ಎತ್ತಿದಾಗ, ಪರರ ಮಗಳನ್ನು ದಿಟ್ಟಿಸಬಾರದೆಂದು ಅರ್ಧ ಜನ ನೆಲ ನೋಡಿದರು. ಆಮೇಲೆ ಒಬ್ಬರನ್ನು ಕೇಳಿದೆ, ಒಂದು ಚಪ್ಪಾಳೆಯಾದರೂ ಬೇಡವೇ ಎಂದು. "ಹೆಣ್ಣಮಕ್ಕಳ ಮುಂದ ಸೀಟಿ ಹೊಡ್ಯಾಕ ನಾವೇನ್ ಮಾನಗೆಟ್ಟ ಮಂದಿ ಏನ್ರಿ ಸರ?" ಎಂದು ನನ್ನನ್ನೇ ಸಂಶಯದಿಂದ ನೋಡಿದರು. ಇನ್ನೊಬ್ಬ ಅಜ್ಜ ಎಲ್ಲ ತಂಡಗಳೂ ಮುಗಿಯುವವರೆಗೆ ತಾಳ್ಮೆಯಿಂದ ಕುಳಿತಿದ್ದು, ಕೊನೆಗೆ ನನ್ನ ಹತ್ತಿರ ಬಂದು, "ಕುಣತ ಚಲೋ ಆತ್ರಿ. ಆಟ ಯಾವಾಗ ಚಾಲೂ ಮಾಡ್ತೀರಿ?" ಎಂದ. ಹುನಗುಂದದಲ್ಲಿ ಇನ್ನೂ ಒಂದು ಸಂಗತಿ ನಡೆಯಿತು. ಅದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಬರದೆ ನನಗೆ ಬೇರೆ ದಾರಿಯೂ ಇಲ್ಲ.

ಈಗ ಕುತ್ತಿಗೆಗೆ ಬಂದಿರುವ ವಿಷಯ. ಬರುವ ಭಾನುವಾರ, ಹದಿನಾಲ್ಕನೆಯ ತಾರೀಖು, ಬೆಳಿಗ್ಗೆ ಹತ್ತಕ್ಕೆ, ಇಲ್ಲಿ ನವನಗರದ ಒಳಾಂಗಣ ಕ್ರೀಡಾಂಗಣದಲ್ಲಿ ವಿಭಾಗ ಮಟ್ಟದ ಸ್ಪರ್ಧೆ ಇದೆ. ನಡೆಸುವ ಸಂಸ್ಥೆಯವರು ನನಗೆ ಕಾಗದ ಬರೆದಿದ್ದಾರೆ. ಬಹಳ ಸಭ್ಯವಾದ ಕಾಗದ. ಸಭ್ಯವಾದ ಕಾಗದ ಬಂದಿತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಬಾಗಲಕೋಟೆ ಜಿಲ್ಲೆಯಲ್ಲಿ ಈ ಕ್ರೀಡೆಗೆ ಪ್ರೇಕ್ಷಕರಿಲ್ಲ, ಇರುವವರಲ್ಲಿ ಜೀವವಿಲ್ಲ, ಈ ಭಾನುವಾರವೂ ಹೀಗೇ ಆದರೆ ಮುಂದಿನ ವರ್ಷದಿಂದ ಎಲ್ಲ ಸ್ಪರ್ಧೆಗಳನ್ನೂ ಬೆಂಗಳೂರಿನಲ್ಲೇ ನಡೆಸಲಾಗುವುದು ಎಂದು ಬರೆದಿದ್ದಾರೆ. ಬೆಂಗಳೂರಾದರೆ ನಮ್ಮ ತಂಡ ಮುಗಿಯಿತು. ಮಾಬುಬಿ ನಮ್ಮ ಪರವಾಗಿ ಓಣಿಯ ಜೊತೆಗೆಲ್ಲ ಜಗಳಾಡಿದವಳು. ಅವಳೇ ಮೊನ್ನೆ ಹೊಲಿಗೆ ಮಷೀನು ನಿಲ್ಲಿಸಿ ಹೇಳಿದಳು: "ಹುನಗುಂದಕ್ಕ ಕಳಿಸಿದೆ, ಇಳಕಲ್ಲಕ್ಕ ಕಳಿಸಿದೆ, ಬ್ಯಾಡ ಅನ್ನಲಿಲ್ಲ. ಬೆಂಗಳೂರಂದ್ರ ಇಕಿ ಅಪ್ಪಾ ಕಳಸಂಗಿಲ್ರಿ ಸರ. ನಾನೂ ಕಳಸಂಗಿಲ್ಲ." ಹದಿನಾರು ಮನೆಗಳಲ್ಲಿ ಹದಿನೈದರ ಮಾತು ಇದೇ. ಹದಿನಾರನೆಯ ಮನೆ ನಿನ್ನದು. ಅಲ್ಲಿಂದ ಉತ್ತರವೇ ಬಂದಿಲ್ಲ.

ಕೈಕಟ್ಟಿ ಕುಳಿತಿಲ್ಲ ನಾನು, ಅಣ್ಣಾ. ಇಳಕಲ್ಲಿಗೆ ಹೋಗಿ ಮಗ್ಗದ ಮನೆಗಳ ಬಾಗಿಲು ಬಡಿದೆ. ಒಬ್ಬ ಹಿರಿಯರು ಲಾಳಿ ಕೆಳಗಿಟ್ಟು ಪೂರ್ತಿ ಕೇಳಿದರು. ಕೇಳಿ, "ಯಾರ ಪರ ಒದರಬೇಕ್ರಿ?" ಎಂದರು. ಹುಡುಗಿಯರ ಪರ ಎಂದೆ. "ಆತು. ಯಾರ ವಿರುದ್ಧ?" ವಿರುದ್ಧ ಯಾರೂ ಇಲ್ಲ, ಒಂದೊಂದು ತಂಡವೂ ಒಂಟಿಯಾಗಿ ಆಡುತ್ತದೆ ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ, "ಎದುರಿಗೊಬ್ಬ ವೈರಿ ಇಲ್ದ ಗಂಟಲದಾಗಿಂದ ದನಿ ಹೆಂಗ ಏಳತೈತ್ರಿ ಮಾಸ್ತರ?" ಎಂದು ಮತ್ತೆ ಲಾಳಿ ಎತ್ತಿಕೊಂಡರು. ನವನಗರದಲ್ಲಿ ಯಾಸೀನನ ಆಟೋಕ್ಕೆ ಮೈಕು ಕಟ್ಟಿಸಿ ಸೆಕ್ಟರು ಸೆಕ್ಟರು ಸುತ್ತಿಸಿದೆ. ಯಾಸೀನ ಒಳ್ಳೆಯವನು. ಆದರೆ ಹತ್ತು ವರ್ಷದಿಂದ ನಾಳೆ ನೀರು ಬರುವುದಿಲ್ಲ ಎಂದು ಸಾರಿ ಸಾರಿ ಅವನ ದನಿಗೆ ಅದೊಂದೇ ರಾಗ ಉಳಿದಿದೆ. ಚಿಯರ್‌ಲೀಡಿಂಗ್ ಸ್ಪರ್ಧೆಗೆ ಸರ್ವರೂ ಬರಬೇಕು ಎಂದು ಅವನು ಸಾರಿದ, ಎರಡು ಸೆಕ್ಟರಿನ ಜನ ಓಡಿಹೋಗಿ ಕೊಡ, ಬಕೆಟ್ಟು, ಡ್ರಮ್ಮು ಎಲ್ಲ ತುಂಬಿಸಿಟ್ಟರು. ಬಾದಾಮಿಯಲ್ಲಿ ಮೇಣಬಸದಿಯ ಗುಹೆಗಳ ಕೆಳಗೆ, ಪ್ರವಾಸಿಗಳ ಮುಂದೆ ಒಂದು ಪ್ರದರ್ಶನ ಇಟ್ಟುಕೊಂಡೆ. ಪ್ರವಾಸಿಗಳು ನಮ್ಮನ್ನು ಹಿಂದೆ ನಿಲ್ಲಿಸಿ ತಮ್ಮದೇ ಫೋಟೋ ತೆಗೆದುಕೊಂಡರು. ನಮ್ಮ ಕಡೆ ಕಣ್ಣರಳಿಸಿ ನೋಡಿದ, ಹಲ್ಲು ಕಿರಿದು ಕಿರಿಚಿದ, ಉತ್ಸಾಹ ತಡೆಯದೆ ಮೂರು ಗೊಂಡೆಗಳನ್ನು ಕಿತ್ತುಕೊಂಡು ಬಂಡೆ ಏರಿದ ಪ್ರೇಕ್ಷಕರೆಂದರೆ ಅಲ್ಲಿನ ಮಂಗಗಳು ಮಾತ್ರ. ಅವುಗಳನ್ನೇ ಭಾನುವಾರಕ್ಕೆ ಕರೆಸೋಣವೆಂದು ಒಂದು ಕ್ಷಣ ಯೋಚಿಸಿದೆ ಎಂದರೆ ನನ್ನ ಸ್ಥಿತಿ ನಿನಗೆ ತಿಳಿಯಬಹುದು. ಆ ದಿನ ವಿದ್ಯಾ ಮೇಲೆ ಏರಲಿಲ್ಲ. ಕಲ್ಲು ನೆಲ, ಬೇಡ ಎಂದು ನಾನೇ ತಡೆದೆ ಎಂದು ಎಲ್ಲರಿಗೂ ಹೇಳಿದ್ದೇನೆ.

ಕೊನೆಗೆ ಶಾಲೆಯಲ್ಲೇ ಪ್ರೇಕ್ಷಕರನ್ನು ತಯಾರು ಮಾಡೋಣವೆಂದು ಒಂಬತ್ತನೆಯ ತರಗತಿಯ ಅರವತ್ತು ಮಕ್ಕಳನ್ನು ಮೈದಾನದಲ್ಲಿ ಕೂಡಿಸಿ, ನಾನು ಕೈ ಎತ್ತಿದಾಗ ಒದರಿ ಎಂದೆ. ಕೈ ಎತ್ತಿದೆ. ಅರವತ್ತು ಮಕ್ಕಳೂ ಒಟ್ಟಿಗೆ ಎದ್ದು ನಿಂತು "ನಮಸ್ತೇ ಸರ್" ಎಂದರು. ಶಿಸ್ತು ಎಂಬುದನ್ನು ಹದಿನೆಂಟು ವರ್ಷ ಸೀಟಿ ಊದಿ ಊದಿ ಕಲಿಸಿದವನು ನಾನೇ. ಯಾರನ್ನು ಬೈಯಲಿ? ಅವತ್ತು ಮೈದಾನದ ಕಟ್ಟೆಯ ಮೇಲೆ ಕುಳಿತಾಗ, ನಗುವವರು ಯಾರೂ ಹತ್ತಿರವಿಲ್ಲದ್ದರಿಂದಲೋ ಏನೋ, ನನಗೂ ನಗೆ ಬರಲಿಲ್ಲ. ಇಷ್ಟು ಊರು ಅಲೆದು ನಾನು ಹುಡುಕುತ್ತಿದ್ದುದು ಒಂದು ಗಂಟಲನ್ನು. ಅದು ನನ್ನ ಮನೆಯಲ್ಲೇ ಇತ್ತು. ಅದನ್ನು ಮುಚ್ಚಿಸಿದವನು ನಾನು.

ಅಹ್ಮದಸಾಬರೇ, ಒಂದು ಗುಟುಕು ನೀರು ಕುಡಿದು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹುನಗುಂದಕ್ಕೆ ಅಣ್ಣ ಬಂದಿದ್ದ. ಹಿಂಡನ್ನು ವೈನಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕುಳಿತ. ನಮ್ಮ ಸರದಿ ಬಂತು. ಖುಶನುಮಾ ವಿದ್ಯಾಳ ಪಾದ ಹಿಡಿದಳು. ಆಗ ಅಣ್ಣ ಎದ್ದು ನಿಂತು, ಹಳ್ಳದ ಆಚೆ ದಂಡೆಗೆ ದಾಟಿದ ಕುರಿಯನ್ನು ಕರೆಯುವ ಅದೇ ದನಿಯಲ್ಲಿ, "ಹೋ... ಯ್! ಏರ್ ನನ ಕೂಸ, ಏರ್!" ಎಂದು ಕೂಗಿದ. ಮಂಟಪದ ತಗಡು ನಡುಗಿತು. ಮೈಕು ತಾನಾಗಿಯೇ ಕುಂಯ್ ಎಂದಿತು. ತೀರ್ಪುಗಾರ್ತಿಯ ಪೆನ್ನು ಕೆಳಗೆ ಬಿತ್ತು. ವಿದ್ಯಾ ಆ ದನಿಯ ಮೇಲೇ ಕಾಲಿಟ್ಟು ಹತ್ತಿದಂತೆ ಸರ್ರನೆ ಮೇಲೆ ಹೋಗಿ ನಿಂತಳು, ಅಷ್ಟು ನೆಟ್ಟಗೆ ಅವಳು ಎಂದೂ ನಿಂತಿರಲಿಲ್ಲ. ನಾನು ಅದನ್ನು ನೋಡಲಿಲ್ಲ. ಬೆಂಗಳೂರಿನಿಂದ ಬಂದ ತೀರ್ಪುಗಾರರ ಮುಖ ನೋಡುತ್ತಿದ್ದೆ. ನನಗೆ ನಾಚಿಕೆಯಾಯಿತು. ಸೀಟಿ ಊದಿದೆ. ಆಮೇಲೆ, ಅರವತ್ತು ಜನರ ಎದುರು, ಅವನ ಮಗಳು ಮೇಲೆ ನಿಂತಿರುವಾಗಲೇ, ಗಟ್ಟಿಯಾಗಿ ಹೇಳಿದೆ: "ಅಣ್ಣಾ, ಸುಮ್ಮ ಕೂಡು! ಇದೇನ್ ಕುರಿ ಹಟ್ಟಿ ಅಂತ ತಿಳದಿಯೇನ?"

ಅಣ್ಣ ಕೂಡಲಿಲ್ಲ. ಜಗಳವನ್ನೂ ತೆಗೆಯಲಿಲ್ಲ. ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟ. ಮಂಟಪದ ಬಾಗಿಲು ಸಪ್ಪಳ ಮಾಡೀತೆಂದು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಮುಚ್ಚಿದ. ಕುರಿ ಕಾಯ್ದು ನನಗೆ ಶಾಲೆ ಕಲಿಸಿದವನು, ಚಳಿಯಲ್ಲಿ ತನ್ನ ಕಂಬಳಿ ನನಗೆ ಹೊದಿಸಿ ತಾನು ಕುರಿಗಳ ನಡುವೆ ಮಲಗಿದವನು. ನಾನು ಬೆಳೆದದ್ದೇ ಹಟ್ಟಿಯಲ್ಲಿ. ಅದನ್ನೇ ಅವನಿಗೆ ಬೈಗಳ ಮಾಡಿ ಎಸೆದೆ. ಆ ದಿನ ಸಂಜೆ ಅಂಕಪಟ್ಟಿ ಕೈಗೆ ಬಂತು. ಜನರನ್ನು ಒದರಿಸಿದ್ದಕ್ಕೆ ಇರುವ ಕಾಲಮಿನಲ್ಲಿ ಆ ತೀರ್ಪುಗಾರ್ತಿ ಒಂದು ಸಾಲು ಬರೆದಿದ್ದರು. "ಪ್ರೇಕ್ಷಕರು ಒಬ್ಬರು, ಅತ್ಯುತ್ತಮ. ಅವರನ್ನು ಹೊರಗೆ ಕಳಿಸಿದ್ದೇಕೆ?" ಆ ಹಾಳೆಯನ್ನು ಇಪ್ಪತ್ತೆರಡು ದಿನಗಳಿಂದ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಒಮ್ಮೆ ಅಂಗಿಯ ಜೊತೆ ಅದೂ ಒಗೆತಕ್ಕೆ ಹೋಯಿತು. ಆದರೂ ಆ ಸಾಲು ಮಾತ್ರ ಅಳಿಸಿಲ್ಲ, ಬೆಂಗಳೂರಿನ ಶಾಯಿ ಗಟ್ಟಿ.

ಅಣ್ಣಾ, ನನ್ನದು ತಪ್ಪಾಯಿತು. ಇದನ್ನು ಹೊಲಕ್ಕೆ ಬಂದು ನಿನ್ನೊಬ್ಬನಿಗೇ ಹೇಳಬಹುದಿತ್ತು. ಆದರೆ ನಾಲ್ಕು ಮಂದಿಯ ಎದುರು ಆಡಿದ ಮಾತನ್ನು ನಾಲ್ಕು ಮಂದಿಯ ಎದುರೇ ವಾಪಸು ತೆಗೆದುಕೊಳ್ಳಬೇಕು ಎಂದು ನನಗೆ ಕಲಿಸಿದವನು ನೀನು. ಹುನಗುಂದದ ಆ ಅರವತ್ತು ಜನರನ್ನು ಮತ್ತೆ ಎಲ್ಲಿ ಕಲೆಹಾಕಲಿ? ಅದಕ್ಕೇ ಕುಳಗೇರಿ ಕ್ರಾಸು, ಅದಕ್ಕೇ ಅಹ್ಮದಸಾಬರ ಗಂಟಲು. ಭಾನುವಾರಕ್ಕೆ ನಿನ್ನನ್ನು ಕರೆಯಲು ನನ್ನ ಹತ್ತಿರ ಇನ್ನೇನೂ ಇಲ್ಲ. ನಮ್ಮಲ್ಲಿ ಗಟ್ಟಿ ಕರೆ ಎಂದರೆ ಬೀರಪ್ಪನ ಭಂಡಾರ ಕೈಗೆ ಕೊಟ್ಟು ಕರೆಯುವುದು, ಆ ಅರಿಶಿನ ಕೈಗೆ ಬಿದ್ದ ಮೇಲೆ ಬರುವುದಿಲ್ಲ ಎನ್ನುವಂತಿಲ್ಲ. ಗುಡಿಯವರೆಗೆ ಹೋಗಿ ಭಂಡಾರದ ಬಟ್ಟಲಿಗೆ ಕೈ ಚಾಚಿದೆ, ತೆಗೆದುಕೊಳ್ಳಲಿಲ್ಲ. ಬಿಡಲಾಗದ ಕರೆಯನ್ನು ನಿನ್ನ ಮೇಲೆ ಹೊರಿಸಲು ನನಗೆ ಮುಖವಿಲ್ಲ. ಆದ್ದರಿಂದ ಬರೀ ಬಾಯಿಂದ ಕರೆಯುತ್ತಿದ್ದೇನೆ, ಅದೂ ಪರರ ಬಾಯಿಂದ.

ಬೆಂಚಿನ ಮೇಲಿನ ಹಿರಿಯರೇ, ನಿಮಗೂ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ಯಾವ ಊರಿಗೆ ಹೋದರೂ ನನಗೆ ಒಂದೇ ಉತ್ತರ ಸಿಕ್ಕಿದೆ: "ವಾಟ್ಸಾಪಿನ್ಯಾಗ ಹಾಕಿದ್ರ ಕರದಂಗಾತೇನ್ರಿ? ಬಾಯಿಲೆ ಕರೀಬೇಕು." ಇದೀಗ ನೀವು ಇಷ್ಟು ಹೊತ್ತು ಅಹ್ಮದಸಾಬರ ಬಾಯಿಂದಲೇ ಕೇಳಿದ್ದೀರಿ. ಕರೆದಂತಾಯಿತು. ಇನ್ನು ಬರದಿದ್ದರೆ ತಪ್ಪು ನಿಮ್ಮದು. ಬನ್ನಿ, ಹುಡುಗಿಯರನ್ನು ತಲೆಯೆತ್ತಿ ನೋಡಿ. ಅವರು ಮೇಲೆ ಹೋಗುವುದೇ ನೀವು ತಲೆಯೆತ್ತಲಿ ಎಂದು. ನೆಲ ನೋಡುವ ಮರ್ಯಾದೆ ಬೇಡ, ಕೂಗುವ ಮರ್ಯಾದೆ ಕೊಡಿ. ಹೇಗೆ ಕೂಗಬೇಕೆಂದು ತಿಳಿಯದಿದ್ದರೆ ನಿಮ್ಮ ನಡುವೆಯೇ ಕುಳಿತಿರುವ, ಈಗ ಬಹುಶಃ ಚಹಾದ ಲೋಟದೊಳಗೆ ನೋಡುತ್ತಿರುವ ನಮ್ಮಣ್ಣ ಬಂಡೆಪ್ಪನನ್ನು ಕೇಳಿ.

ವೈನಿಗೆ ನನ್ನ ನಮಸ್ಕಾರ ತಿಳಿಸು. ಹಿಂಡಿನ ಮರಿಗಳಿಗೆಲ್ಲ ಆಶೀರ್ವಾದ. ಕರಿ ಟಗರಿಗೆ ದೂರದಿಂದಲೇ ಕೈ ಮುಗಿದಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚು. ಬೈಯುವುದಿದ್ದರೆ ಬಂದು ಬೈ, ಅಲ್ಲಿಯವರೆಗೆ ನೀನು ಮಾತಾಡದೆ ಇರುವುದೇ ನನಗೆ ಬೈಗಳಾಗಿದೆ.

ನಿನ್ನ ತಮ್ಮ,
ಆನಂದ

ತಾ.ಕ.: ಬಸ್ಸು ಹಾರ್ನ್ ಹೊಡೆಯುತ್ತಿದೆ, ಕಂಡಕ್ಟರು ಕೈ ಚಾಚಿ ನಿಂತಿದ್ದಾನೆ. ವಿದ್ಯಾಳ ಸುದ್ದಿಯನ್ನು ಕೊನೆಗೆ ಬರೆಯುತ್ತೇನೆ ಎಂದಿದ್ದೆ. ಕಲ್ಲು ನೆಲದ ಮಾತು ಸುಳ್ಳು. ಹುನಗುಂದದ ದಿನದಿಂದ ಅವಳು ಒಮ್ಮೆಯೂ ಮೇಲೆ ಏರಿಲ್ಲ. ಖುಶನುಮಾಳ ಹೆಗಲವರೆಗೆ ಹೋಗುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಇಳಿದುಬಿಡುತ್ತಾಳೆ. ನನಗೆ "ತಲಿ ತಿರಗತೈತಿ ಕಾಕಾ" ಅಷ್ಟೇ. ಖುಶನುಮಾಳ ಹತ್ತಿರ ಮಾತ್ರ ಹೇಳಿದ್ದಾಳೆ: "ಅಪ್ಪ ಎದ್ದ ಹ್ವಾದಾಗಿಂದ ನೆಲ ಭಾಳ ದೂರ ಕಾಣತೈತಿ." ಇನ್ನೊಂದು. ಈಗ ಲಕೋಟೆ ಅಂಟಿಸಲು ತೆರೆದರೆ ಒಳಗೆ ಒಂದು ಸಣ್ಣ ಪೊಟ್ಟಣ ಇದೆ, ಕಾಗದದ ಅಂಚಿಗೆಲ್ಲ ಅರಿಶಿನ ಹತ್ತಿದೆ. ಅದು ನಾನು ಇಟ್ಟದ್ದಲ್ಲ. ಪೊಟ್ಟಣ ಕಟ್ಟಿದ್ದು ವಿದ್ಯಾಳ ಜಡೆಯ ರಿಬ್ಬನ್ನಿನಿಂದ. ಅಹ್ಮದಸಾಬರೇ, ಅದನ್ನು ನೀವು ಬಿಚ್ಚಬೇಡಿ, ಅಣ್ಣನ ಕೈಗೇ ಕೊಡಿ. ಅಣ್ಣಾ, ಮುಂದಿನ ಸಾಲಿನ ನಡುವಿನ ಕುರ್ಚಿಯ ಮೇಲೆ ಕಂಬಳಿ ಹಾಸಿ ಇಟ್ಟಿರುತ್ತೇನೆ. ನನ್ನ ಸೀಟಿಯನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ. ಬಂದು ಒದರು, ಹಟ್ಟಿಯಲ್ಲಿ ಒದರಿದ ಹಾಗೇ ಒದರು.